ಹೇಳಿಕೆಯ ಕೋಟು

ಕುಕ್ಕಪ್ಪ ಗೌಡರ ಮೈಮೇಲೆ ಕಪ್ಪು ಕೋಟು ಇದ್ದರೆ ಯಾರದೋ ಮದುವೆ ನಿಶ್ಚಯವಾಗಿದೆ ಎಂದು ಅರ್ಥ. ಕೋಟು ಇಲ್ಲದೆ, ಹೆಗಲ ಮೇಲೆ ಬಿಳಿಯ ಟವೆಲು, ಊರಿನವರ ಮಾತಿನ ಬೈರಾಸು, ಮಾತ್ರ ಹಾಕಿಕೊಂಡು ಬರುತ್ತಿದ್ದರೆ ಯಾರೋ ತೀರಿಕೊಂಡಿದ್ದಾರೆ ಎಂದು ಅರ್ಥ. ಪಂಜದಿಂದ ಕಡಬದ ಕಡೆಗೆ ಹೋಗುವ ಒಳದಾರಿಗಳಲ್ಲಿ ಅವರನ್ನು ದೂರದಿಂದ ಕಂಡ ಹೆಂಗಸರು ಮೊದಲು ನೋಡುತ್ತಿದ್ದದ್ದು ಮುಖವನ್ನಲ್ಲ, ಹೆಗಲನ್ನು. ಕಪ್ಪು ಕಂಡರೆ ಒಳಗೆ ಹೋಗಿ ಬೆಲ್ಲದ ಡಬ್ಬಿ ತೆಗೆಯುತ್ತಿದ್ದರು. ಬಿಳಿ ಕಂಡರೆ ನಿಂತಲ್ಲೇ ನಿಂತು, ಊರಿನಲ್ಲಿ ಹಾಸಿಗೆ ಹಿಡಿದವರನ್ನೆಲ್ಲ ಮನಸ್ಸಿನಲ್ಲೇ ಒಮ್ಮೆ ನೆನೆದು, ಇವರಲ್ಲಿ ಯಾರಿರಬಹುದು ಎಂದು ಕಾಯುತ್ತಿದ್ದರು. ಕಪ್ಪು ಬಣ್ಣವನ್ನು ಶುಭದ ಗುರುತೆಂದು ನಂಬಿದ್ದ ಊರು, ನಾನು ವರದಿಗೆಂದು ತಿರುಗಿದ ಊರುಗಳಲ್ಲಿ ಅದೊಂದೇ.

ಆ ಭಾಗದಲ್ಲಿ ಮದುವೆಗೆ ಕರೆಯುವುದಕ್ಕೆ ಹೇಳಿಕೆ ಎನ್ನುತ್ತಾರೆ. ಅಚ್ಚು ಹಾಕಿಸಿದ ಕಾಗದ ಎಷ್ಟು ದಪ್ಪವಿದ್ದರೂ, ಅದರ ಮೇಲೆ ಎಷ್ಟು ಚಿನ್ನದ ಗೆರೆಗಳಿದ್ದರೂ, ಮನೆಗೆ ಬಂದು ಬಾಯಿಬಿಟ್ಟು ಹೇಳದಿದ್ದರೆ ಅದು ಹೇಳಿಕೆಯಾಗುವುದಿಲ್ಲ. ಮದುವೆಮನೆಯವರಿಗೆ ಎಲ್ಲ ಕಡೆ ಹೋಗಲು ಆಗದು. ಅವರ ಪರವಾಗಿ ಹೋಗುವವರು ಕುಕ್ಕಪ್ಪ ಗೌಡರು. ಅವರ ತಂದೆಯೂ ಅದನ್ನೇ ಮಾಡುತ್ತಿದ್ದರಂತೆ. ಇದು ಅವರ ಕಸುಬಲ್ಲ. ಕಸುಬು ರಬ್ಬರು, ಸ್ವಲ್ಪ ಕರಿಮೆಣಸು. ಹೇಳಿಕೆಗೆ ಸಿಗುತ್ತಿದ್ದದ್ದು ಒಂದು ವೀಳ್ಯ, ಹೆಚ್ಚೆಂದರೆ ಒಂದು ಪಂಚೆ, ಮತ್ತು ಗದ್ದೆ ತೋಟಗಳ ನಡುವಿನ ಇಡೀ ಬೈಲಿನ ಮನೆಗಳಲ್ಲಿ ಕೂರುವ ಹಕ್ಕು.

ಆ ಹಕ್ಕನ್ನು ಅವರು ಬಹಳ ಮರ್ಯಾದೆಯಿಂದ ಬಳಸುತ್ತಿದ್ದರು. ಯಾವ ಮನೆಗೆ ಹೋದರೂ ಅಂಗಳದ ಬೇಲಿಯಲ್ಲಿ ಮರದ ಅಡ್ಡಪಟ್ಟಿಗಳನ್ನಿಟ್ಟು ಮಾಡಿದ ತಡಮೆಯ ಹೊರಗೆ ನಿಲ್ಲುವರು. ಕೂಗುವುದಿಲ್ಲ, ಕೆಮ್ಮುವುದಿಲ್ಲ. ಒಳಗಿನವರು ಯಾರಾದರೂ ಹೊರಗೆ ಬಂದು ತಮ್ಮನ್ನು ಕಾಣುವ ತನಕ, ಬಿಸಿಲಿರಲಿ ಮಳೆಯಿರಲಿ, ಸುಮ್ಮನೆ ನಿಂತಿರುವರು. ಒಮ್ಮೆ ನಾನು ಕಾರಣ ಕೇಳಿದ್ದೆ. "ಕೂಗಿದ್ರೆ ಒಳಗಿನವರು ಗಡಿಬಿಡಿಯಲ್ಲಿ ಬರ್ತಾರೆ ಮಾರಾಯ್ರೆ. ನೋಡಿ ಬಂದ್ರೆ ತಯಾರಾಗಿ ಬರ್ತಾರೆ" ಎಂದಿದ್ದರು. ಜೀವಮಾನವಿಡೀ ತಡಮೆ ದಾಟಿದ ಕಾಲುಗಳಿಗೆ ಆ ನಡಿಗೆಯೇ ಅಂಟಿಕೊಂಡಿತ್ತು. ಡಾಂಬರು ರಸ್ತೆಯಲ್ಲೂ ಪ್ರತಿ ಹೆಜ್ಜೆಯನ್ನು ಬೇಕಾದ್ದಕ್ಕಿಂತ ಒಂದಿಷ್ಟು ಮೇಲೆ ಎತ್ತಿ ಇಡುತ್ತಿದ್ದರು. ಕಾಣದ ಅಡ್ಡಪಟ್ಟಿಯೊಂದು ಸದಾ ಅವರ ಮುಂದಿದ್ದ ಹಾಗೆ.

ಅವರ ಹೇಳಿಕೆಯಲ್ಲಿ ಇದ್ದದ್ದು ಮೂರೇ ಮಾತು. "ಇಂಥವರಲ್ಲಿ ಮದುವೆ ಉಂಟು. ಮನೆಯವರೆಲ್ಲ ಬರ್ಬೇಕು. ನಿಂತು ಮಾಡಿಸಿಕೊಡ್ಬೇಕು." ಪ್ರತಿ ಮಾತಿನ ನಡುವೆ ಎದುರಿನವರು ತಲೆದೂಗುವಷ್ಟು ಬಿಡುವು. ಅರೆಭಾಷೆಯ ಮನೆಯಲ್ಲಿ ಬರೊಕು ಎಂದದ್ದು ತುಳು ಮನೆಯಲ್ಲಿ ಬರೊಡು ಆಗುತ್ತಿತ್ತು. ಬ್ಯಾರಿ ಮುಸಲ್ಮಾನರ ಮನೆಗೆ ಹೋದರೆ ಅವರ ಮಾತಿನಲ್ಲೇ ಹೇಳುತ್ತಿದ್ದರು. ಎಲ್ಲ ಮುಗಿದು ಹೊರಡುವಾಗ ಅಚ್ಚಿನ ಕಾಗದವನ್ನು ತೆಗೆದು, ಅದೊಂದು ಲೆಕ್ಕಕ್ಕಿಲ್ಲದ ವಸ್ತುವೆಂಬಂತೆ ಜಗಲಿಯ ಮೇಲಿಟ್ಟು, "ದಿನ ಮರೆತ್ರೆ ನೋಡ್ಲಿಕ್ಕೆ" ಎನ್ನುತ್ತಿದ್ದರು.

ಕೋಟಿನ ಕತೆ ಊರಿಗೆಲ್ಲ ಗೊತ್ತಿತ್ತು. ಕಡಬದಲ್ಲಿ ಬಟ್ಟೆ ವ್ಯಾಪಾರ ಮಾಡುತ್ತಿದ್ದ ಮೂಸಕುಂಞಿಯವರು ತಮ್ಮ ಮಗಳ ಮದುವೆಗೆ ಬೈಲಿನ ಗೌಡರ ಮನೆಗಳನ್ನೆಲ್ಲ ಕರೆಯಬೇಕೆಂದಿದ್ದರು. ತಾವು ಹೋದರೆ ವ್ಯಾಪಾರಿ ಬಂದಂತಾಗುತ್ತದೆ, ಕುಕ್ಕಪ್ಪ ಗೌಡರು ಹೋದರೆ ಹೇಳಿಕೆ ಬಂದಂತಾಗುತ್ತದೆ ಎಂಬುದು ಅವರ ಲೆಕ್ಕ. ಗೌಡರು ಹೋದರು, ಊರಿಗೆ ಊರೇ ಮದುವೆಗೆ ಬಂತು. ಸಂತೋಷದಲ್ಲಿ ಮೂಸಕುಂಞಿ ತಮ್ಮ ಅಂಗಡಿಯ ಒಳ್ಳೆಯ ಬಟ್ಟೆ ಹರಿದು, ದರ್ಜಿಯನ್ನು ಎದುರಿಗೆ ಕೂರಿಸಿ ಈ ಕೋಟು ಹೊಲಿಸಿಕೊಟ್ಟರು. ಮೂಸಕುಂಞಿ ತೀರಿಹೋಗಿ ವರ್ಷಗಳಾದರೂ ಕೋಟು ಉಳಿಯಿತು. ಮೊಣಕೈ ಸವೆದು ಬೂದಿಬಣ್ಣಕ್ಕೆ ತಿರುಗಿತ್ತು. ಒಂದು ಗುಂಡಿ ಬೇರೆ ಬಣ್ಣದ್ದು.

ಕೋಟು ಮತ್ತು ಬೈರಾಸಿನ ನಡುವೆ ಇನ್ನೂ ಒಂದು ವ್ಯತ್ಯಾಸವಿತ್ತು. ಮದುವೆಯ ಹೇಳಿಕೆಗೆ ಹೋದವರು ಆ ಮನೆಯ ಬೆಲ್ಲ ನೀರು ಮುಟ್ಟದೆ ಏಳುವ ಹಾಗಿಲ್ಲ. ಸಾವಿನ ಸುದ್ದಿ ಒಯ್ದವರು ಆ ಮನೆಯ ಒಂದು ತೊಟ್ಟು ನೀರನ್ನೂ ಕುಡಿಯುವ ಹಾಗಿಲ್ಲ. ತಡಮೆಯ ಹೊರಗಿಂದಲೇ ಹೇಳಿ ಹಿಂತಿರುಗಬೇಕು. ಈ ನೇಮವನ್ನು ಗೌಡರು ತಪ್ಪಿದ್ದನ್ನು ಯಾರೂ ನೋಡಿಲ್ಲ. ಅವರು ತಪ್ಪಿದ್ದು ಒಂದೇ ಒಂದು ಸಲ, ಅದೂ ಬೇರೆ ವಿಷಯದಲ್ಲಿ: ಹಿಂದೊಮ್ಮೆ ಒಂದು ಮದುವೆಗೆ ದೇವಕಿ ಎಂಬವರ ಮನೆಗೆ ಹೇಳಿಕೆ ಕೊಡಲು ಮರೆತರು. ಕಾಗದ ಅಂಚೆಯಲ್ಲಿ ಹೋಗಿತ್ತು, ಬಾಯಿಮಾತು ಹೋಗಿರಲಿಲ್ಲ. ದೇವಕಿಯವರ ಮನೆಯವರು ಮತ್ತು ಆ ಮದುವೆಮನೆಯವರು ಒಬ್ಬರ ಅಂಗಳಕ್ಕೆ ಒಬ್ಬರು ಕಾಲಿಡದೆ ಬಹಳ ವರ್ಷ ಕಳೆದರು. ಹೇಳಿಕೆ ಎಷ್ಟು ಗಟ್ಟಿಯೋ ಅಷ್ಟೇ ನಾಜೂಕು ಎಂಬುದನ್ನು ಗೌಡರು ಕಲಿತದ್ದು ಅಲ್ಲಿ.

ಕೊರೋನಾ ಬಂದ ವರ್ಷದ ಮಾರ್ಚಿನಲ್ಲಿ ಬೆಳ್ಯಪ್ಪನವರ ಮಗಳು ಮೋಕ್ಷಿತಾಳ ಮದುವೆಗೆ ಹೇಳಿಕೆ ಕೊಟ್ಟು ಮುಗಿದಿತ್ತು. ಏಪ್ರಿಲಿನಲ್ಲಿ ಮದುವೆ, ಚಪ್ಪರಕ್ಕೆ ಕಂಬ ಕಡಿದಾಗಿತ್ತು. ಅಷ್ಟರಲ್ಲಿ ದೇಶಕ್ಕೆ ಬೀಗ ಬಿತ್ತು. ಬಸ್ಸು ನಿಂತಿತು, ಪುತ್ತೂರಿನ ಪೇಟೆ ಹಗಲಲ್ಲೇ ಮಲಗಿತು, ಪಂಜದ ವೃತ್ತದಲ್ಲಿ ಪೊಲೀಸರು ಬೆತ್ತ ಹಿಡಿದು ನಿಂತರು. ಮನೆಯವರಷ್ಟೇ ಸೇರಿ ಮದುವೆ ಮಾಡಲು ಅಧಿಕಾರಿಗಳು ಒಪ್ಪಿದರು. ಹೆಚ್ಚು ಮಂದಿ ಕಂಡರೆ ಅಲ್ಲೇ ನಿಲ್ಲಿಸಿ ಮೊಕದ್ದಮೆ ಹಾಕುತ್ತೇವೆಂದೂ ಎಚ್ಚರಿಸಿದರು. ಕರೆದ ಮನೆಗಳೋ ಬೈಲಿನ ತುಂಬ. ಅವರಲ್ಲಿ ನಾಲ್ಕು ಮನೆಯವರು 'ಕುಕ್ಕಪ್ಪಣ್ಣ ಬಂದು ಹೇಳಿದ್ದಾರೆ, ಹೋಗದಿದ್ದರೆ ಹೇಗೆ' ಎಂದು ಹೊರಟುಬಂದರೂ ಮದುವೆ ನಿಲ್ಲುತ್ತಿತ್ತು.

"ಫೋನ್ ಮಾಡಿ ಹೇಳುವ ಕುಕ್ಕಪ್ಪಣ್ಣ, ಈಗ ಎಲ್ಲರ ಹತ್ರವೂ ಉಂಟಲ್ಲ" ಎಂದರಂತೆ ಬೆಳ್ಯಪ್ಪ.

"ಕರೆಯುವಾಗ ನಾನು ಫೋನ್ ಮಾಡಿದ್ದಾ? ನಡ್ಕೊಂಡು ಹೋಗಿ ಕೊಟ್ಟದ್ದನ್ನು ನಡ್ಕೊಂಡೇ ಹೋಗಿ ವಾಪಸ್ ತರ್ಬೇಕು."

"ಪೊಲೀಸರು ಬೆನ್ನಿಗೆ ಕೊಟ್ರೆ?"

"ಕೊಟ್ರೆ ಬೆನ್ನು ನನ್ನದಲ್ವಾ? ನಿನಗೆಂತ?"

ಹೋಗುವುದು ನಿಶ್ಚಯವಾಯಿತು. ಆಮೇಲೆ ಎದ್ದದ್ದು ಯಾರೂ ಊಹಿಸದ ಸಮಸ್ಯೆ: ಏನು ಹಾಕಿಕೊಂಡು ಹೋಗುವುದು? ಅವರ ಹೆಂಡತಿ ಕಮಲಾವತಿಯವರು ಆ ಬೆಳಗಿನ ಮಾತುಕತೆಯನ್ನು ಈಗಲೂ ನಗುತ್ತ ಹೇಳುತ್ತಾರೆ.

"ಕೋಟು ಹಾಕಿದ್ರೆ ಹೆಂಗಸರು ಬೆಲ್ಲ ತೆಗೀತಾರೆ. ಬೈರಾಸು ಹಾಕಿದ್ರೆ ಅಳ್ಲಿಕ್ಕೆ ಶುರು ಮಾಡ್ತಾರೆ. ಎಂತ ಮಾಡುದು ಹೇಳು."

"ಇಡೀ ದೇಶಕ್ಕೆ ಮನೆಯಲ್ಲಿ ಕೂತ್ಕೊಳ್ಳಿ ಅಂತ ಹೇಳಿದ್ದಾರೆ. ನಿಮಗೆ ಮಾತ್ರ ಬೇರೆ ಹೇಳಿಕೆ ಬಂದದ್ದಾ? ಎರಡೂ ಬಿಟ್ಟು ಬನಿಯನಲ್ಲೇ ಹೋಗಿ. ಪೊಲೀಸರಿಗೆ ಪೆಟ್ಟು ಕೊಡ್ಲಿಕ್ಕೆ ಸುಲಭ ಆಗ್ತದೆ."

ಕೊನೆಗೆ ಅವರು ಬಿಳಿ ಅಂಗಿ ತೊಟ್ಟು, ಕೋಟನ್ನು ಮಡಚಿ ಎಡಗೈಯ ಮೇಲೆ ಹಾಕಿಕೊಂಡು, ಬೈರಾಸನ್ನು ಮೂಗಿಗೆ ಕಟ್ಟಿಕೊಂಡು ಹೊರಟರು. ತೊಟ್ಟದ್ದೂ ಅಲ್ಲ, ಬಿಟ್ಟದ್ದೂ ಅಲ್ಲ. ನೀರಿನ ವಿಷಯದಲ್ಲಿ ಮಾತ್ರ ನಿರ್ಧಾರ ಸ್ಪಷ್ಟವಿತ್ತು: ಇದು ಒಳ್ಳೆಯ ಸುದ್ದಿಯಲ್ಲ, ಹಾಗಾಗಿ ಯಾವ ಮನೆಯಲ್ಲೂ ಕುಡಿಯುವುದಿಲ್ಲ.

ಪತ್ರಿಕೆಯ ಪಾಸು ಇಟ್ಟುಕೊಂಡು ಆ ದಿನಗಳಲ್ಲಿ ಸವಣೂರು, ಕಡಬ, ಪಂಜ ಎಂದು ತಿರುಗುತ್ತಿದ್ದ ನನಗೆ ಅವರು ಸಿಕ್ಕಿದ್ದು ಒಂದು ಹಗ್ಗದ ಎದುರು. ಬೈಲಿಗೆ ಇಳಿಯುವ ದಾರಿಗೆ ಅಡ್ಡ ಹಗ್ಗ ಕಟ್ಟಿ, ರಟ್ಟಿನ ಮೇಲೆ ಹೊರಗಿನವರಿಗೆ ಪ್ರವೇಶವಿಲ್ಲ ಎಂದು ಬರೆದು, ಭವಿತ್ ಎಂಬ ಕಾಲೇಜಿನ ಹುಡುಗ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾವಲು ಕುಳಿತಿದ್ದ.

"ಕುಕ್ಕಪ್ಪಜ್ಜ, ಇಲ್ಲಿಂದ ಮುಂದೆ ಬಿಡ್ಲಿಕ್ಕಿಲ್ಲ. ಹೊರಗಿನವರಿಗೆ ಇಲ್ಲ."

"ನಾನು ಹೊರಗಿನವ ಯಾವಾಗ ಆದದ್ದು ಮಾರಾಯ? ನಿನ್ನ ಅಪ್ಪನ ಮದುವೆಗೆ ಹೇಳಿಕೆ ಕೊಟ್ಟದ್ದು ನಾನು."

"ಅದು ಮದುವೆ ಅಜ್ಜ. ಇದು ಕೊರೋನಾ."

"ಒಳಗೆ ಕೂತುಕೊಳ್ಲಿಕ್ಕೆ ಬಂದದ್ದಲ್ಲ. ನೀವು ಯಾರೂ ಹೊರಗೆ ಬರ್ಬೇಡಿ ಅಂತ ಹೇಳ್ಲಿಕ್ಕೆ ಬಂದದ್ದು."

ಹುಡುಗ ಸ್ವಲ್ಪ ಯೋಚಿಸಿದ. ಕಾವಲಿನ ಉದ್ದೇಶವೂ ಅದೇ ಅಲ್ಲವೇ ಎಂದು ತೋರಿರಬೇಕು. ಹಗ್ಗವನ್ನು ಕಾಲಿನಿಂದ ಒತ್ತಿ ಹಿಡಿದ. ಗೌಡರು ಅಷ್ಟು ತಗ್ಗಿಸಿದ ಹಗ್ಗವನ್ನೂ ತಡಮೆಯಂತೆ ಕಾಲೆತ್ತಿ ದಾಟಿದರು. ನಾನು ಗಾಡಿ ಅಲ್ಲೇ ಬಿಟ್ಟು, ದೂರ ಕಾಯ್ದುಕೊಂಡು ಹಿಂದೆ ಹೋದೆ.

ಅವರು ಮೊದಲು ಹೋದದ್ದು ದೇವಕಿಯವರ ಮನೆಗೆ. ದೇವಕಿಯವರು ಅಡಿಕೆ ಹಾಳೆಯನ್ನು ಕತ್ತರಿಸಿ, ದಾರ ಪೋಣಿಸಿ ಮಾಡಿದ ಮುಖಗವಸು ಕಟ್ಟಿಕೊಂಡು ಹೊರಗೆ ಬಂದರು. ಮಾತಾಡಿದರೆ ಅದು ಟಪಟಪ ಸದ್ದು ಮಾಡುತ್ತಿತ್ತು. ಗೌಡರು ತಡಮೆಯ ಆಚೆಯಿಂದಲೇ ಶುರು ಮಾಡಿದರು. ಜೀವನದಲ್ಲಿ ಸಾವಿರ ಸಲ ಬರಬೇಕು ಎಂದ ಬಾಯಿಗೆ ಅಂಗಳದ ಎದುರು ನಿಂತು ಬರಬೇಡಿ ಎನ್ನಲು ಆಗಲಿಲ್ಲ. ಹಗ್ಗದ ಹತ್ತಿರ ತಮಾಷೆಗೆ ಬಂದ ಶಬ್ದ ಇಲ್ಲಿ ಬರಲಿಲ್ಲ. "ಬೆಳ್ಯಪ್ಪನ ಮಗಳ ಮದುವೆ ಉಂಟಲ್ಲ... ಮದುವೆ ಹಾಗೆ ಉಂಟು. ಕಾಲ ಹೀಗೆ ಉಂಟು" ಎಂದು ನಿಲ್ಲಿಸಿದರು.

ದೇವಕಿಯವರಿಗೆ ತಿಳಿಯಿತು. "ಕರೆಯುವಾಗ ಬಿಟ್ಟು ಹೋದವರು, ಬೇಡ ಹೇಳುವಾಗ ಮೊದಲು ನಮ್ಮಲ್ಲಿಗೇ ಬಂದ್ರಲ್ಲ ಕುಕ್ಕಪ್ಪಣ್ಣ!" ಎಂದು ಹಾಳೆಯ ಒಳಗೇ ನಕ್ಕರು. "ನೀರು ತರ್ತೇನೆ, ಕೂತ್ಕೊಳ್ಳಿ."

"ಬೇಡ. ಇವತ್ತು ನೀರು ಇಲ್ಲ."

ಹಾಗೆಯೇ ಮನೆಯಿಂದ ಮನೆಗೆ. ಒಬ್ಬರು ಅಂಗಳಕ್ಕೆಲ್ಲ ಅರಸಿನ ನೀರು ಚಿಮುಕಿಸುತ್ತಿದ್ದರು. ಇನ್ನೊಬ್ಬರು, ಸುದ್ದಿ ಕೇಳಿದ ಮೇಲೆ, ಮದುವೆಗಿಂತ ಮೀನಿನ ಬಗ್ಗೆ ಹೆಚ್ಚು ಮರುಗಿದರು: "ಮೂರು ಹೊತ್ತೂ ಹಲಸಿನಕಾಯಿ ಮಾರಾಯ್ರೆ, ಒಂದು ಬಂಗುಡೆ ಮುಖ ನೋಡದೆ ಎಷ್ಟು ದಿನ ಆಯ್ತು!" ಮತ್ತೊಂದು ಮನೆಯ ಯಜಮಾನರಿಗೆ ಟೀವಿ ನೋಡಿ ನೋಡಿ ಎಂಥ ಭಯ ಹಿಡಿದಿತ್ತೆಂದರೆ, ಕಿಟಕಿಯ ಒಂದು ರೆಕ್ಕೆ ಮಾತ್ರ ತೆರೆದು ತಲೆಯಾಡಿಸಿದರು. ಎಲ್ಲರ ಮೆಟ್ಟಿಲಿನ ಬಳಿಯೂ ಬಕೆಟ್, ಚೆಂಬು, ಸಾಬೂನು ಬಂದು ಕೂತಿದ್ದವು. ಗೌಡರಿಗೆ ಅದೊಂದು ಖುಷಿ. "ಮೊದಲು ಎಲ್ಲ ಮನೆಯಲ್ಲಿಯೂ ಕಾಲು ತೊಳಿಲಿಕ್ಕೆ ನೀರು ಇಡ್ತಿದ್ರು. ಮಧ್ಯದಲ್ಲಿ ಬಿಟ್ರು. ಈಗ ನೋಡಿ, ಬಂತು" ಎಂದರು, ರೋಗವೇ ಊರಿಗೆ ಮರ್ಯಾದೆ ಕಲಿಸಲು ಬಂದಿದೆ ಎಂಬ ಧ್ವನಿಯಲ್ಲಿ.

ಹೊಳೆಯ ಪಕ್ಕದ ಕೊನೆಯ ಮನೆ ಸಾರಮ್ಮನವರದು. ಕೋಟು ಹೊಲಿಸಿಕೊಟ್ಟ ಮೂಸಕುಂಞಿಯವರ ಹೆಂಡತಿ. ಮಗ ಸಫೀರ್ ಶಾರ್ಜಾದಲ್ಲಿ ಸಿಕ್ಕಿಕೊಂಡಿದ್ದ. ಮನೆಯಲ್ಲಿ ಅವರು, ಸೊಸೆ ಅಮೀರಾ, ಮೊಮ್ಮಗಳು ಸುಹಾನಾ. ಎಲ್ಲೋ ದೂರದ ಊರಿನ ಸಭೆಯೊಂದರ ನೆಪದಲ್ಲಿ ರೋಗದ ಹೊಣೆಯನ್ನೆಲ್ಲ ಒಂದು ಸಮುದಾಯದ ತಲೆಗೆ ಕಟ್ಟುವ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹರಿಯುತ್ತಿದ್ದ ವಾರ ಅದು. ಹಿಂದಿನ ದಿನವಷ್ಟೇ ತರಕಾರಿ ತಂದಿದ್ದ ಬ್ಯಾರಿಯೊಬ್ಬರನ್ನು ಪಕ್ಕದ ಊರಿನವರು ಹಿಂದೆ ಕಳಿಸಿದ್ದರು.

ಗೌಡರು ಗೇಟಿನ ಹೊರಗೆ ನಿಂತು ಕಾದರು. ಸಾರಮ್ಮ ಜಗಲಿಗೆ ಬಂದು, ತಲೆಯ ಬಟ್ಟೆ ಸರಿಮಾಡಿಕೊಂಡು, ಕೇಳಿದರು. ಗೌಡರು ಎಲ್ಲ ಕಡೆ ಹೇಳಿದ್ದನ್ನೇ ಇಲ್ಲಿಯೂ ಹೇಳಿದರು: ಮದುವೆ ಹಾಗೆ ಉಂಟು, ಕಾಲ ಹೀಗೆ ಉಂಟು.

ಸಾರಮ್ಮ ತಲೆದೂಗಲಿಲ್ಲ. "ಎಲ್ಲರಿಗೂ ಹೇಳಿ ಬಂದ್ರಾ ಗೌಡ್ರೇ, ಅಲ್ಲ ನಮಗೆ ಮಾತ್ರವಾ?"

ಗೌಡರು ಕೈಯ ಮೇಲಿದ್ದ ಕೋಟಿನ ಕಡೆ ನೋಡಿದರು. ಸಾರಮ್ಮನೇ ಮುಂದುವರಿಸಿದರು:

"ಬೇಜಾರಿಲ್ಲ. ನಮಗೂ ಗೊತ್ತಾಗ್ತದೆ. ಕೋಟು ಕೂಡ ಕೈಯಲ್ಲೇ ಉಂಟು. ನೀರು ಬೇಕಾ ಅಂತ ಕೇಳ್ತಿದ್ದೆ, ಈಗ ನಮ್ಮ ಮನೆಯ ನೀರು ಯಾರು ಕುಡೀತಾರೆ?"

ಬೈಲಿನ ಅಷ್ಟೂ ಮನೆಗಳ ಹೆಸರು ಹೇಳಿ, ಎಲ್ಲರಿಗೂ ಹೀಗೇ ಹೇಳಿದ್ದೇನೆ ಎಂದು ಅವರು ಸಾಧಿಸಬಹುದಿತ್ತು. ಸಾಕ್ಷಿಗೆ ನಾನೇ ಇದ್ದೆ. ಆದರೆ ಅವರು ನನ್ನ ಕಡೆ ತಿರುಗಲಿಲ್ಲ. ಕೈಯ ಮೇಲಿದ್ದ ಕೋಟನ್ನು ಬಿಡಿಸಿ, ಒಮ್ಮೆ ಕೊಡವಿ, ಏಪ್ರಿಲಿನ ಆ ಉರಿಬಿಸಿಲಿನಲ್ಲಿ ನಿಧಾನವಾಗಿ ತೊಟ್ಟುಕೊಂಡರು. ಬೇರೆ ಬಣ್ಣದ ಗುಂಡಿಯೂ ಸೇರಿ ಎಲ್ಲ ಗುಂಡಿ ಹಾಕಿದರು. ಗೇಟು ತೆರೆದು, ಕೈ ತೊಳೆದು, ಕಾಲು ತೊಳೆದು, ಮೆಟ್ಟಿಲಿನ ಮೇಲೆ ಕೂತರು.

"ಸಾರಮ್ಮ, ನೀರು ಕೊಡಿ."

"ಕೆಟ್ಟ ಸುದ್ದಿ ತಂದವರು ಕುಡಿಯುದಿಲ್ಲ ಅಂತ ನಮ್ಮ ಯಜಮಾನರು ಹೇಳ್ತಿದ್ರು."

"ಇದು ಆ ಸುದ್ದಿ ಅಲ್ಲ. ಇದು ಹೇಳಿಕೆಯೇ. ನೀವೆಲ್ಲ ಬರುವ ದಿನ ಮಾತ್ರ ಮುಂದೆ ಹೋದದ್ದು. ಆ ದಿನ ಬಂದಾಗ ನಾನೇ ಬಂದು ಇನ್ನೊಮ್ಮೆ ಹೇಳ್ತೇನೆ."

ಸಾರಮ್ಮ ಒಳಗೆ ಹೋದವರು ಸ್ವಲ್ಪ ಹೊತ್ತು ಬರಲಿಲ್ಲ. ಬಂದಾಗ ಕಣ್ಣಿನ ಸುತ್ತ ಒದ್ದೆಯಿತ್ತು. ಮುಖ ತೊಳೆದದ್ದೂ ಇರಬಹುದು. ಚೆಂಬು, ಲೋಟ ಮತ್ತು ಬೆಲ್ಲವನ್ನು ಮೆಟ್ಟಿಲಿನ ಮೇಲಿಟ್ಟು, ಕಾನೂನಿನ ದೂರಕ್ಕೆ ಹಿಂದೆ ಸರಿದು ಕಂಬಕ್ಕೊರಗಿ ನಿಂತರು. ಗೌಡರು ಬೈರಾಸು ಇಳಿಸಿ, ಬೆಲ್ಲ ಕಡಿದು, ಚೆಂಬಿನಲ್ಲಿದ್ದಷ್ಟನ್ನೂ ಲೋಟಕ್ಕೆ ಹೊಯ್ದು ಹೊಯ್ದು ಕುಡಿದರು.

"ಸಫೀರ್ ಫೋನ್ ಮಾಡ್ತಾನಾ?"

"ಮಾಡ್ತಾನೆ. ರೂಮಿನಿಂದ ಹೊರಗೆ ಬಿಡುದಿಲ್ಲವಂತೆ. ಅಲ್ಲಿಯೂ ಹಗ್ಗ ಕಟ್ಟಿದ್ದಾರೋ ಏನೋ."

"ಹಗ್ಗ ಆದ್ರೆ ಹೆದರ್ಲಿಕ್ಕಿಲ್ಲ ಹೇಳಿ. ದಾಟುದು ಹೇಗೆ ಅಂತ ನಾನು ಹೇಳಿಕೊಡ್ತೇನೆ."

ಒಳಗಿನಿಂದ ಅಮೀರಾ ನಕ್ಕದ್ದು ಕೇಳಿಸಿತು. ಆ ಅಂಗಳದಲ್ಲಿ ಬಹಳ ದಿನಗಳ ಮೇಲೆ ಎದ್ದ ನಗೆ ಅದಿರಬೇಕು.

ಅಲ್ಲಿಗೆ ಅವರ ಸುತ್ತು ಮುಗಿದಿತ್ತು. ದಾರಿಗೆ ಬಂದ ಮೇಲೆ ಗೌಡರು ಮನೆಯ ಕಡೆ ಹೋಗುವ ಬದಲು ಬಂದ ದಾರಿಯಲ್ಲೇ ಹಿಂದಿರುಗಿ ನಡೆಯತೊಡಗಿದರು. ಎಲ್ಲಿಗೆ ಎಂದು ಕೇಳಿದೆ.

"ದೇವಕಿಯಲ್ಲಿಗೆ. ನೀರು ಕುಡಿಲಿಕ್ಕೆ."

ನನಗೆ ಅರ್ಥವಾಗಲಿಲ್ಲ. ನಿಂತು, ಕೋಟಿನ ಗುಂಡಿ ಮುಟ್ಟಿಕೊಂಡು ವಿವರಿಸಿದರು: "ಇವರಲ್ಲಿ ಕುಡಿದು ಅವರಲ್ಲಿ ಬಿಟ್ರೆ ಹೇಗೆ ಮಾರಾಯ್ರೆ? ಇದು ಹೇಳಿಕೆ ಆದ್ರೆ ಎಲ್ಲ ಮನೆಯಲ್ಲಿಯೂ ಹೇಳಿಕೆಯೇ. ಬೆಳಿಗ್ಗೆ ನಾನು ತಪ್ಪು ಮಾಡಿದ್ದು. ಕೋಟು ಹಾಕಿಯೇ ಹೊರಡ್ಬೇಕಿತ್ತು."

ಹೀಗೆ ಕುಕ್ಕಪ್ಪ ಗೌಡರು ಅದೇ ಮನೆಗಳಿಗೆ ಅದೇ ದಿನ ಎರಡನೆಯ ಸಲ ಹೋದರು. ಪ್ರತಿ ಮೆಟ್ಟಿಲಿನಲ್ಲೂ ಕೂತು ಬೆಲ್ಲ ತಿಂದು ನೀರು ಕುಡಿದರು. ದಿನ ಮುಂದೆ ಹೋಗಿದೆ, ಮತ್ತೆ ಬಂದು ಹೇಳುತ್ತೇನೆ ಎಂದರು. ದೇವಕಿಯವರು "ಬಿಸಿಲು ತಲೆಗೆ ಹತ್ತಿತಾ?" ಎಂದು ಕೇಳಿಯೂ ದೊಡ್ಡ ಲೋಟದಲ್ಲೇ ತಂದರು. ಕಿಟಕಿಯ ಯಜಮಾನರು ಈ ಸಲ ಇನ್ನೊಂದು ರೆಕ್ಕೆಯನ್ನೂ ತೆರೆದು, ಲೋಟವನ್ನು ಕೋಲಿನಲ್ಲಿ ಮುಂದೆ ತಳ್ಳಿದರು. ನಾನು ಅರ್ಧದಲ್ಲಿ ಹಿಂದೆ ಉಳಿದೆ. ಉಳಿದದ್ದನ್ನು ಕಮಲಾವತಿಯವರು ಹೇಳಿದರು: ಆ ದಿನ ಮನೆಗೆ ಬಂದವರು ಊಟ ಬೇಡವೆಂದು ಮಲಗಿದರಂತೆ, ಮಗ್ಗುಲು ಬದಲಿಸಿದರೆ ಹೊಟ್ಟೆಯೊಳಗೆ ಹೊಳೆ ಹರಿದ ಸದ್ದು ಕೇಳುತ್ತಿತ್ತಂತೆ.

ಮೋಕ್ಷಿತಾಳ ಮದುವೆಗೆ ಯಾರೂ ಬರಲಿಲ್ಲ. ಆದರೆ ಆ ಬೆಳಗ್ಗೆ ಬೆಳ್ಯಪ್ಪನವರ ತಡಮೆಯ ಬುಡದಲ್ಲಿ ಸೌತೆಕಾಯಿ, ಬಾಳೆಗೊನೆ, ತೆಂಗಿನಕಾಯಿ, ಒಂದು ದೊಡ್ಡ ಹಲಸು ಸಾಲಾಗಿ ಇದ್ದವು. ತಂದವರು ಯಾರೂ ಒಳಗೆ ಕಾಲಿಟ್ಟಿರಲಿಲ್ಲ. ಹಸಿರು ಬಟ್ಟೆಯ ಗಂಟೊಂದರಲ್ಲಿ ಒಳ್ಳೆಯ ಅಕ್ಕಿಯಿತ್ತು. ಯಾರದೆಂದು ಕೇಳುವ ಅಗತ್ಯ ಬೆಳ್ಯಪ್ಪನವರಿಗೆ ಬೀಳಲಿಲ್ಲ. ಮೂಸಕುಂಞಿಯವರ ಅಂಗಡಿಯ ಬಟ್ಟೆಯ ಅಂಚು ಆ ಬೈಲಿನಲ್ಲಿ ಎಲ್ಲರಿಗೂ ಪರಿಚಿತ.

ಮುಂದೆ ಹೋದ ದಿನ ಕೊನೆಗೂ ಬರಲಿಲ್ಲ. ಎಲ್ಲ ತಿಳಿಯಾದ ಮೇಲೆ ಊಟ ಹಾಕಿಸಬೇಕೆಂದಿದ್ದ ಬೆಳ್ಯಪ್ಪನವರ ಯೋಚನೆ ಮರುವರ್ಷದ ಎರಡನೆಯ ಅಲೆಯಲ್ಲಿ ಕೊಚ್ಚಿಹೋಯಿತು. ಮೋಕ್ಷಿತಾ ಎರಡು ಮಕ್ಕಳ ತಾಯಿಯಾದಳು. ಅಷ್ಟರಲ್ಲಿ ಊರು ಹೊಸದೊಂದು ಅಭ್ಯಾಸ ಕಲಿತಿತ್ತು. ಈಗ ಕಾಗದ ಮೊಬೈಲಿನಲ್ಲಿ ಬರುತ್ತದೆ, ಹಿಂದೆ ನಾದಸ್ವರ ನುಡಿಯುತ್ತದೆ, ಕೊನೆಯಲ್ಲಿ ಇದನ್ನೇ ಖುದ್ದು ಕರೆ ಎಂದು ತಿಳಿಯಬೇಕೆಂಬ ಸಾಲು ಇರುತ್ತದೆ. ಯಾರೂ ಮುನಿಸಿಕೊಳ್ಳುವುದಿಲ್ಲ. ಕೋಟು ಗೋಡೆಯ ಮೊಳೆಯಲ್ಲಿದೆ. ಹೋದ ಸಲ ನಾನು ಅವರಲ್ಲಿಗೆ ಹೋದಾಗ ಅದನ್ನೇ ನೋಡುತ್ತ, "ಬೈಲಿಗೆಲ್ಲ ಮತ್ತೆ ಬರ್ತೇನೆ ಅಂತ ಹೇಳಿದ್ದು ಹಾಗೆಯೇ ಉಂಟು ನೋಡಿ" ಎಂದರು. ಬೇರೆಲ್ಲರೂ ಮರೆತದ್ದು ಅವರೊಬ್ಬರಿಗೆ ನೆನಪಿತ್ತು.

ಮೊನ್ನೆ ಮೇ ತಿಂಗಳಲ್ಲಿ ಸುಹಾನಾಳ ಮದುವೆ ನಿಶ್ಚಯವಾಯಿತು. ಸಫೀರ್ ಊರಿಗೆ ಬಂದು, ಎಲ್ಲರಿಗೂ ಮೊಬೈಲಿನಲ್ಲೇ ಕಳಿಸಿದ. ಒಂದು ಮನೆಗೆ ಮಾತ್ರ ಕಳಿಸಬೇಡ ಎಂದು ಸಾರಮ್ಮ ತಡೆದರಂತೆ. ಅಮೀರಾಳ ಕೈಹಿಡಿದು, ರಿಕ್ಷಾದಲ್ಲಿ ಬಂದು, ಕುಕ್ಕಪ್ಪ ಗೌಡರ ತಡಮೆಯ ಹೊರಗೆ ಇಳಿದು, ಕೂಗದೆ ನಿಂತರು.

ಊರನ್ನೆಲ್ಲ ಕರೆದ ಕುಕ್ಕಪ್ಪ ಗೌಡರನ್ನು ಅದುವರೆಗೆ ಯಾರೂ ಕರೆದಿರಲಿಲ್ಲ. ಹೇಳಿಕೆ ಒಯ್ಯುವವರು ಮದುವೆಮನೆಯ ಕಡೆಯವರೇ. ಅವರಿಗೆ ಬೇರೆ ಹೇಳಿಕೆ ಎಂಥದು? ಹಾಗಾಗಿ ಹೊರಗೆ ಬಂದು ನೋಡಿದ ಗೌಡರಿಗೆ ಏನು ಮಾಡಬೇಕೆಂದು ತೋಚಲಿಲ್ಲ. ತಿರುಗಿ ಒಳಗೆ ಹೋಗಿ ಕೋಟು ಹಾಕಿಕೊಂಡು ಬಂದರು.

"ಅಯ್ಯೋ, ಕೋಟು ಹಾಕುದು ಕರೆಯುವವರಲ್ವಾ!" ಎಂದು ಕಮಲಾವತಿ ನಕ್ಕರು.

"ಇರ್ಲಿ ಬಿಡಿ, ಹಾಕ್ಲಿ" ಎಂದ ಸಾರಮ್ಮ, ಮೆಟ್ಟಿಲಿನ ಮೇಲೆ ಕೂತು, ಗೌಡರದೇ ಬಿಡುವು ಕೊಟ್ಟು ಹೇಳಿದರು: "ನಮ್ಮ ಸುಹಾನಾಳಿಗೆ ಮದುವೆ ಉಂಟು. ಮನೆಯವರೆಲ್ಲ ಬರ್ಬೇಕು. ನಿಂತು ಮಾಡಿಸಿಕೊಡ್ಬೇಕು." ಆಮೇಲೆ, ಕೇಳದಿದ್ದರೂ, "ನೀರು ಕೊಡಿ" ಎಂದರು.

ಎಲ್ಲ ಊರಿನಲ್ಲೂ ಇಂಥವರು ಇರುತ್ತಾರೆ, ಅಥವಾ ಇದ್ದರು. ಅವರಿಗೆ ಹುದ್ದೆಯಿಲ್ಲ, ಸಂಬಳವಿಲ್ಲ, 'ಇವರು ಏನು ಮಾಡುತ್ತಾರೆ' ಎಂದು ಹೊರಗಿನವರು ಕೇಳಿದರೆ ಹೇಳಲು ಒಂದು ಸರಿಯಾದ ಶಬ್ದವೂ ಇಲ್ಲ. ಮುಖ ನೋಡಿ ಕೊಟ್ಟ ಮಾತನ್ನು ಮುಖ ನೋಡದೆ ಹಿಂದೆ ತೆಗೆದುಕೊಳ್ಳಬಾರದು ಎಂಬಷ್ಟೇ ಅವರ ಶಾಸ್ತ್ರ. ಅದಕ್ಕಾಗಿ ಅವರು ಮಾಡುವುದು ಹೊರಗಿನಿಂದ ನೋಡಿದರೆ ಹಠದಂತೆ, ಕೆಲವೊಮ್ಮೆ ಹುಚ್ಚಿನಂತೆ ಕಾಣುತ್ತದೆ. ಎಲ್ಲರೂ ಎಲ್ಲರಿಗೂ ಹೆದರಿ ಬಾಗಿಲು ಹಾಕಿಕೊಂಡ ಆ ದಿನಗಳನ್ನು ದಾಟಿಯೂ ನಮ್ಮ ಊರುಗಳು ಊರುಗಳಾಗಿಯೇ ಉಳಿದಿದ್ದರೆ, ಅದಕ್ಕೆ ಬೆತ್ತವೂ ಹಗ್ಗವೂ ಮಾತ್ರ ಕಾರಣವಲ್ಲ. ಒಳಗಿನವರು ಹೊರಬಂದು ತಮ್ಮನ್ನು ಕಾಣುವ ತನಕ, ಕೂಗದೆ, ತಡಮೆಯ ಆಚೆ ನಿಂತು ಕಾಯಲು ತಿಳಿದಿದ್ದ ಕೆಲವರು ಇನ್ನೂ ಇದ್ದರು.